ಎರಡನೇ ತಟ್ಟೆ

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಠಾಣೆಯ ಮೆಟ್ಟಿಲ ಮೇಲೆ ನಿಂತವರಿಗೆ ಎದುರಿನ ಗೇಟು ಕಾಣುತ್ತಿರಲಿಲ್ಲ. ಬಂದವರು ಮೊದಲು ಕೆಮ್ಮಾಗಿ, ಆಮೇಲೆ ಚಪ್ಪಲಿಯ ಸದ್ದಾಗಿ, ಕೊನೆಗೆ ಮನುಷ್ಯರಾಗಿ ಒಳಗೆ ಬರುತ್ತಿದ್ದರು. ಹಾಗೆ ಮೊದಲು ಬಂದವರು ಮಕ್ಕಳ ಸಂಶೋಧನಾ ಕೇಂದ್ರದ ಡಾಕ್ಟರಮ್ಮ. ಕೂರಲು ಹೇಳಿದರೂ ಕೂರದೆ, ಕಳ್ಳತನವಾಗಿದೆ ಎಂದರು.

ಏನು ಹೋಯಿತು ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದ. ಒಂದು ಐಸ್ ಪೆಟ್ಟಿಗೆ. ಒಳಗೇನಿತ್ತು? ಮಕ್ಕಳ ಊಟ. ಅವನ ಪೆನ್ನು ನಿಂತಿತು.

“ತಿಂದು ಬಿಟ್ಟಿದ್ದಾ ಮೇಡಂ, ತಿನ್ನದೇ ಇದ್ದದ್ದಾ?”

“ತಿನ್ನದೇ ಇದ್ದದ್ದು. ತಿಂದದ್ದರ ಜೋಡಿ.”

ಹೆಡ್ ಕಾನ್‌ಸ್ಟೆಬಲ್ ತಲೆ ಕೆರೆದುಕೊಂಡ. ಕೋಳಿ ಕದ್ದವರನ್ನು ಹಿಡಿದಿದ್ದೇನೆ, ಕೊಡಪಾನ ಕದ್ದವರನ್ನು ಹಿಡಿದಿದ್ದೇನೆ, ತಣ್ಣಗಾದ ಅನ್ನ ಕದ್ದವನು ಮಾತ್ರ ಇದೇ ಮೊದಲು ಎಂದು ಗೊಣಗಿದ. ಇನ್‌ಸ್ಪೆಕ್ಟರ್ ಒಂದು ನೋಟದಲ್ಲಿ ಅವನನ್ನು ಸುಮ್ಮನಾಗಿಸಿ, ಡಾಕ್ಟರಮ್ಮನ ಮುಂದೆ ನೀರಿನ ಲೋಟ ಇಟ್ಟರು.

ಆಕೆ ನಿಧಾನವಾಗಿ ವಿವರಿಸಿದರು. ಆಟಿಸಂ ಇರುವ ಮಕ್ಕಳಲ್ಲಿ ಹಲವರು ಊಟದಲ್ಲಿ ಬಹಳ ಹಟಮಾರಿಗಳು. ಒಬ್ಬನಿಗೆ ಬಿಳಿಯದು ಮಾತ್ರ ಬೇಕು, ಇನ್ನೊಬ್ಬಳಿಗೆ ಗರಿಗರಿಯಾದದ್ದು ಮಾತ್ರ. ಇದರಿಂದ ಮೈಯಲ್ಲಿ ಕಬ್ಬಿಣದಂಥ ಸತ್ವ ಕಡಿಮೆಯಾಗುತ್ತದೆ. ಅಂಥ ಮೈ ಸೀಸದಂಥ ವಿಷಲೋಹವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಯಾವ ಮಗುವಿಗೆ ಊಟದಿಂದ ಏನು ಸಿಗುತ್ತಿದೆ, ಸೇರಬಾರದ್ದು ಏನು ಸೇರುತ್ತಿದೆ ಎಂದು ತಿಳಿಯಲು ಕೇಂದ್ರದವರು ಒಂದು ಪದ್ಧತಿ ಇಟ್ಟಿದ್ದರು. ಗೊತ್ತುಮಾಡಿದ ಒಂದು ದಿನ, ಮಗು ತಿಂದದ್ದನ್ನೇ, ತಿಂದಷ್ಟೇ ಮನೆಯವರು ಇನ್ನೊಂದು ಡಬ್ಬಿಗೂ ಹಾಕಬೇಕು. ಮಗುವಿಗೆ ಒಂದು ತುತ್ತು, ಡಬ್ಬಿಗೆ ಒಂದು ತುತ್ತು. ಅದಕ್ಕೆ ಎರಡನೇ ತಟ್ಟೆ ಎಂದು ಹೆಸರು. ಆ ಡಬ್ಬಿಗಳನ್ನು ಸೀಲು ಮಾಡಿ, ಹೆಸರಿನ ಬದಲು ನಂಬರ್ ಅಂಟಿಸಿ, ಹೆಪ್ಪುಗಟ್ಟಿಸಿ ದೂರದ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. ವ್ಯಾನಿಗಾಗಿ ಹಿಂದಿನ ದಿನ ಸಂಜೆ ತೆಗೆದಿಟ್ಟ ಪೆಟ್ಟಿಗೆ, ವ್ಯಾನು ಬರುವಷ್ಟರಲ್ಲಿ ಇರಲಿಲ್ಲ. ಆಳುಗಳೇ ಬೇರೆ ಕೋಣೆಗೆ ಸಾಗಿಸಿರಬಹುದೆಂದು ಹುಡುಕುತ್ತ ರಾತ್ರಿಯಾಗಿತ್ತು.

“ಐಸ್ ಕರಗಿದರೆ?” ಇನ್‌ಸ್ಪೆಕ್ಟರ್ ಕೇಳಿದರು.

“ಎಲ್ಲ ಹೋಯಿತು. ಆ ತಾಯಂದಿರಿಗೆ ಇನ್ನೊಂದ್ಸಲ ಮಾಡಿ ಅಂತ ಕೇಳೋ ಮುಖ ನನಗಿಲ್ಲ. ಮಗು ತಿನ್ನೋ ಹೊತ್ತಲ್ಲಿ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟರೆ ಸಾಕು, ತಟ್ಟೆ ಎಸೆದುಬಿಡೋ ಮಕ್ಕಳು ಅವು.”

ಎಫ್‌ಐಆರ್ ದಾಖಲಾಯಿತು. ಒಂಬತ್ತೂವರೆಗೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಮತ್ತು ಮಹಿಳಾ ಪೇದೆ ಕೇಂದ್ರದಲ್ಲಿದ್ದರು. ಗೋಡೆಗಳಿಗೆ ತಿಳಿನೀಲಿ ಬಣ್ಣ, ದೀಪಗಳಿಗೆ ಬಟ್ಟೆಯ ಮುಸುಕು. ಬೆಳಕು ಚುಚ್ಚಿದರೆ ಮಕ್ಕಳು ಅಳುತ್ತಾರಂತೆ. ಹಿಂದಿನ ಕೋಣೆಯಲ್ಲಿ ಇಬ್ಬರು ಪಂಚರ ಸಮ್ಮುಖ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಪಕ್ಕದಲ್ಲಿದ್ದ ಬೆಲೆಬಾಳುವ ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ.

ಪೆಟ್ಟಿಗೆ ಹೊತ್ತು ಹೋದವನನ್ನು ಯಾಕೆ ತಡೆಯಲಿಲ್ಲ ಎಂದರೆ ಕಾವಲುಗಾರ ಕೈ ಮುಗಿದ. “ಡಬ್ಬಿ ಹಿಡಿದವರನ್ನ ತಡೆದರೆ ಇಲ್ಲಿ ಯಾರೂ ಒಳಗೂ ಬರೋ ಹಾಗಿಲ್ಲ, ಹೊರಗೂ ಹೋಗೋ ಹಾಗಿಲ್ಲ ಸಾರ್. ದಿನಾ ಇಲ್ಲಿ ಡಬ್ಬಿಗಳದ್ದೇ ಮೆರವಣಿಗೆ.”

ಮಹಿಳಾ ಪೇದೆ ಫ್ರೀಜರಿನ ಬಾಗಿಲು ತೆರೆದು ನೋಡಿದಳು. ಮೇಲಿನ ಅರೆಯಲ್ಲಿ ಐಸ್ ಚೀಲಗಳಿದ್ದ ಜಾಗ ಖಾಲಿಯಾಗಿತ್ತು. ಅವೂ ವ್ಯಾನಿಗೆಂದು ತೆಗೆದಿಟ್ಟವೇ ಎಂದು ಕೇಳಿದಳು. ಅಲ್ಲ, ಅವು ಇಲ್ಲೇ ಇರಬೇಕಿತ್ತು ಎಂದರು ಡಾಕ್ಟರಮ್ಮ.

“ಅಂದ್ರೆ ಅವನೇ ತಗೊಂಡಿದಾನೆ ಸಾರ್,” ಅಂದಳು ಪೇದೆ. “ಕದ್ದಿದ್ದು ಕೆಡಬಾರದು ಅಂತ.”

ಇನ್‌ಸ್ಪೆಕ್ಟರ್ ಆ ಖಾಲಿ ಜಾಗವನ್ನೇ ನೋಡುತ್ತ ನಿಂತರು. ಪೆಟ್ಟಿಗೆಯ ಆಸೆಗೆ ಬಂದವನಾದರೆ ಒಳಗಿನದನ್ನು ಚರಂಡಿಗೆ ಸುರಿಯುತ್ತಿದ್ದ. ಹೊಟ್ಟೆಕಿಚ್ಚಿಗೆ ಬಂದವನಾದರೆ ಬಿಸಿಲಿಗೆ ಎಸೆಯುತ್ತಿದ್ದ. ಕಳುವಾದದ್ದನ್ನು ಕಾಪಾಡಲು ಹೊರಟ ಕಳ್ಳನ ಎದೆಯಲ್ಲಿ ಏನೋ ಬೇರೆಯೇ ಇದೆ. ಹಿಂದಿನ ದಿನ ಇಲ್ಲಿ ವಿಶೇಷವೇನಾದರೂ ನಡೆಯಿತೇ ಎಂದು ಕೇಳಿದರು.

ಸಂಜೆ ಪೋಷಕರ ಸಭೆಯಿತ್ತು. ಸೀಸ ಎಲ್ಲೆಲ್ಲಿಂದ ಮನೆಗೆ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಹಳೆಯ ಬಣ್ಣದ ಪುಡಿಯಿಂದ, ಬ್ಯಾಟರಿ ಬಿಚ್ಚುವ ಕೆಲಸದಿಂದ, ಲೋಹ ಕರಗಿಸುವ ಒಲೆಯಿಂದ. ಅಂಥ ಕೆಲಸ ಮಾಡುವವರಿಂದ ಮಗುವನ್ನು ದೂರ ಇಡಿ ಎಂದಿದ್ದರು. ಆಗ ಹಿಂದಿನ ಸಾಲಿನಿಂದ ಯಾರೋ, ಡಬ್ಬಿಯಲ್ಲಿರುವುದು ಯಾರ ಮನೆಯದೆಂದು ಗೊತ್ತಾಗುತ್ತದೆಯೇ ಎಂದು ಕೇಳಿದ್ದರು.

“ನಂಬರ್ ಇದೆ, ಗೊತ್ತಾಗುತ್ತೆ ಅಂದೆ.”

“ಕೇಳಿದವರು ಯಾರು?”

ಡಾಕ್ಟರಮ್ಮ ಫ್ರೀಜರಿನ ಬಾಗಿಲು ಮುಚ್ಚಿದರು. “ನಾನು ತಲೆ ಎತ್ತಿ ನೋಡಲಿಲ್ಲ.”

ಹೆಡ್ ಕಾನ್‌ಸ್ಟೆಬಲ್ ಐಸ್ ಮಾರುವ ಕಡೆಗೆಲ್ಲ ಹೋದ. ಮಧ್ಯಾಹ್ನದ ಹೊತ್ತಿಗೆ ಮಂಜು ಹರಿದು ಬಿಸಿಲು ಬಿದ್ದಿತ್ತು. ದೋಣಿಕಟ್ಟೆಯ ಐಸ್ ಕಾರ್ಖಾನೆಯವನು ಮರದ ಹೊಟ್ಟಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದ ಮಾತನ್ನು ಅವನು ಹಾಗೇ ತಂದು ಒಪ್ಪಿಸಿದ.

“ಬಲೆ ಅಜ್ಜ ಅಂತ ಒಬ್ಬನಿದಾನಂತೆ ಸಾರ್. ದೋಣಿ ಬಿಟ್ಟು ಎಷ್ಟೋ ವರ್ಷ ಆಯ್ತು. ನಿನ್ನೆ ಸಂಜೆ ಬಂದು ಐಸ್ ಗಡ್ಡೆ ತಗೊಂಡ, ಇವತ್ತು ಬೆಳಗ್ಗೆ ಮತ್ತೆ ತಗೊಂಡ. ಮೀನಿಲ್ಲದೆ ಐಸ್ ಯಾಕಜ್ಜ, ತಲೆ ಮೇಲೆ ಇಟ್ಕೋತೀಯಾ ಅಂತ ಕಾರ್ಖಾನೆಯವನು ತಮಾಷೆ ಮಾಡಿದ್ದಾನೆ. ಅದಕ್ಕೆ ಅಜ್ಜ, ಮಕ್ಕಳ ಊಟ ಕಣಪ್ಪಾ, ಕೆಡಬಾರದು ಅಂದನಂತೆ.”

ಯಾರೂ ನಗಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಕಳ್ಳತನಕ್ಕೆ ಇಳಿದರೆ ಹೀಗೇ ಆಗುತ್ತದೆ. ಕೈ ತಪ್ಪು ಮಾಡಿದರೂ ನಾಲಗೆ ಸತ್ಯವನ್ನು ಬಿಟ್ಟುಕೊಡುವುದಿಲ್ಲ. ದೇವರು ಎಲ್ಲ ಅಂಗಗಳನ್ನೂ ಒಂದೇ ದಿನ ಕೈಬಿಡುವುದಿಲ್ಲ.

ಮನೆ ಓಣಿಯ ಕೊನೆಯಲ್ಲಿತ್ತು. ಮುಂದೆ ಒಂದು ಕೋಣೆ, ಹಿಂದೆ ತಗಡಿನ ಚಾವಣಿಯ ಕೊಟ್ಟಿಗೆ. ಬಾಗಿಲು ತೆರೆದವಳು ಅಜ್ಜನ ಮಗಳು. ಬಟ್ಟೆ ಕಾರ್ಖಾನೆಯ ಪಾಳಿ ಮುಗಿಸಿ ಆಗತಾನೇ ಬಂದಿದ್ದಳು, ಸೆರಗಿಗೆ ನೂಲಿನ ಎಳೆಗಳು ಅಂಟಿದ್ದವು. ಗಂಡ ಬಿಟ್ಟುಹೋದ ಮೇಲೆ ಅವಳು ದುಡಿಯಲು ಹೋಗುತ್ತಾಳೆ, ಅಪ್ಪ ಮಗುವನ್ನು ನೋಡಿಕೊಳ್ಳುತ್ತಾನೆ. ಪೊಲೀಸರನ್ನು ನೋಡಿ ಅವಳು ಮೊದಲು ಕೇಳಿದ್ದು, ಕಾರ್ಖಾನೆಯಲ್ಲಿ ಏನಾದರೂ ಆಯಿತೇ ಎಂದು. ಅವಳಿಗೆ ಏನೂ ಗೊತ್ತಿರಲಿಲ್ಲ.

ಕೊಟ್ಟಿಗೆಯಲ್ಲಿ ಒಂದು ಒಲೆ, ಮಸಿಹಿಡಿದ ಸೌಟು, ಮಣ್ಣಿನ ಅಚ್ಚು. ಬಲೆ ನೀರಿನಲ್ಲಿ ಇಳಿಬೀಳಲು ಅಂಚಿಗೆ ಕಟ್ಟುವ ಸೀಸದ ಮಣಿಗಳನ್ನು ಅಜ್ಜ ಎರಕ ಹೊಯ್ಯುತ್ತಿದ್ದ. ಗೋಡೆಯ ಮೇಲೆ ಒಂದು ಹಳೆಯ ಬಲೆ ನೇತಾಡುತ್ತಿತ್ತು. ಅದರ ಕೆಳಗೆ ಐದಾರು ವರ್ಷದ ಹುಡುಗ ಕೂತು, ಸೀಸದ ಮಣಿಗಳನ್ನು ನೆಲದ ಬಿರುಕಿನ ಉದ್ದಕ್ಕೆ ಸಾಲಾಗಿ ಇಡುತ್ತಿದ್ದ. ಒಂದೊಂದನ್ನೂ ಇಡುವ ಮುಂಚೆ ತುಟಿಗೆ ತಾಗಿಸುತ್ತಿದ್ದ. ಪಕ್ಕದಲ್ಲಿ ಗೋಣಿಚೀಲ ಹೊದಿಸಿದ ಐಸ್ ಪೆಟ್ಟಿಗೆ. ಅದರ ಮೇಲೆ ಅಜ್ಜ ಕೂತಿದ್ದ, ಮೊಟ್ಟೆಗೆ ಕಾವು ಕೊಡುವ ಹಕ್ಕಿಯ ಹಾಗೆ.

“ನೀನೇ ತಂದಿದ್ದಾ ಅಜ್ಜ?”

“ಹೌದು ಸ್ವಾಮಿ.”

“ಯಾಕೆ?”

ಅಜ್ಜ ಮೊಮ್ಮಗನ ಕಡೆ ನೋಡಿ ದನಿ ತಗ್ಗಿಸಿದ. “ಬಾಯಿಗೆ ಹಾಕಿದ್ದೆಲ್ಲ ಎರಡನೇ ಡಬ್ಬಿಗೂ ಹಾಕಿ ಅಂದ್ರು ಡಾಕ್ಟರಮ್ಮ. ಮಗಳು ಕೆಲಸಕ್ಕೆ ಹೋಗಿದ್ಲು, ನಾನೇ ಹಾಕಿದೆ. ಒಂದು ತುತ್ತು ಅನ್ನ ಅವನಿಗೆ, ಒಂದು ತುತ್ತು ಡಬ್ಬಿಗೆ. ಬ್ರೆಡ್ಡಿನ ಬಿಳೀದು ಅವನಿಗೆ, ಬಿಳೀದು ಡಬ್ಬಿಗೆ. ಮಧ್ಯದಲ್ಲಿ ಒಂದು ಮಣಿ ಬಾಯಿಗೆ ಹಾಕ್ಕೊಂಡ. ಅಂಥದ್ದೇ ಒಂದು ಡಬ್ಬಿಗೂ ಹಾಕಿದೆ. ಮಗುವಿನ ವಿಷಯ, ಸುಳ್ಳು ಮಾಡಬಾರದು ಅಂತ.”

ಮಹಿಳಾ ಪೇದೆ ನೆಲದ ಮೇಲಿನ ಮಣಿಗಳ ಸಾಲಿನ ಕಡೆ ತಿರುಗಿ ನೋಡಿದಳು.

“ಆಮೇಲೆ ಮೀಟಿಂಗ್‌ನಲ್ಲಿ ಅವರು ಸೀಸ ಅಂದ್ರು. ಅಂಥೋರಿಂದ ಮಗುನ ದೂರ ಇಡಿ ಅಂದ್ರು. ಇವನು ಯಾರ ಹತ್ರಾನೂ ಕೂರಲ್ಲ ಸ್ವಾಮಿ. ಹೆತ್ತ ತಾಯಿ ಅಪ್ಪಿಕೊಂಡ್ರೂ ಕೊಸರಾಡ್ತಾನೆ. ನನ್ನ ಪಕ್ಕ ಮಾತ್ರ ಕೂರ್ತಾನೆ.”

“ನಿನ್ನ ಡಬ್ಬಿ ಒಂದೇ ತೆಗೀಬಹುದಿತ್ತಲ್ಲ?”

“ಮೇಲೆ ಬರೀ ನಂಬರು. ನಮ್ಮದು ಯಾವುದು ಅಂತ ತಿಳೀಲಿಲ್ಲ. ಸೀಲು ಒಡೆದು ನೋಡಿದ್ರೆ ಬೇರೆ ಮಕ್ಕಳ ಊಟ ಕೆಡುತ್ತೆ.”

“ಮುಂದೆ ಏನು ಮಾಡ್ಬೇಕು ಅಂತಿದ್ದೆ?”

“ಗೊತ್ತಿರಲಿಲ್ಲ. ಐಸ್ ಹಾಕ್ತಾ ಇದ್ದೆ.”

ಮಗಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ಒಲೆಯ ಮೇಲಿದ್ದ ಸೌಟನ್ನು ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಳು. ಮೊಮ್ಮಗನ ಈ ಸ್ಥಿತಿಗೆ ತಾನೇ ಕಾರಣವೋ ಎಂದು ಅಜ್ಜ ಸಭೆಯಿಂದ ಬಂದಾಗಿನಿಂದ ಕೊರಗುತ್ತಿದ್ದುದು ಅವಳಿಗೆ ಈಗ ಅರ್ಥವಾಗಿತ್ತು. ರಾತ್ರಿ ಅವನು ಉಣ್ಣದೆ ಮಲಗಿದ್ದ.

ಪೆಟ್ಟಿಗೆ ಗುರುತಿಸಲು ಡಾಕ್ಟರಮ್ಮನನ್ನು ಕರೆಸಿದರು. ಆಕೆ ಮುಚ್ಚಳ ತೆರೆದು ಡಬ್ಬಿಗಳನ್ನು ಮುಟ್ಟಿ ನೋಡಿದರು. ಎಲ್ಲವೂ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಆಮೇಲೆ ಅಜ್ಜನ ಎದುರು ನೆಲದ ಮೇಲೇ ಕೂತರು.

“ನಿಮ್ಮ ಮೊಮ್ಮಗ ಹೀಗಿರೋದು ನಿಮ್ಮ ಸೀಸದಿಂದ ಅಂತ ಯಾರೂ ಹೇಳೋಕಾಗಲ್ಲ ಅಜ್ಜ. ನಮಗೇ ಗೊತ್ತಿಲ್ಲ, ಅದಕ್ಕೇ ಹುಡುಕ್ತಾ ಇರೋದು. ಆದರೆ ಹೀಗೆ ಬಾಯಿಗೆ ಹಾಕಿಕೊಂಡ್ರೆ ಅವನ ರಕ್ತಕ್ಕೆ ಸೇರುತ್ತೆ, ಅದು ನಿಜ. ರಕ್ತ ನೋಡೋಣ. ಇದನ್ನೆಲ್ಲ ತೆಗೆದು, ಊಟ ಸರಿಮಾಡಿ, ಬೇಕಾದರೆ ಔಷಧಿ ಕೊಡೋಣ. ದೂರ ಇಡಬೇಕಾಗಿದ್ದು ಸೀಸಾನ. ಅಜ್ಜನ್ನಲ್ಲ.”

“ಅಷ್ಟು ನಿನ್ನೆ ಹೇಳಿದ್ದಿದ್ರೆ, ತಾಯೀ,” ಎಂದ ಅಜ್ಜ.

ಡಾಕ್ಟರಮ್ಮ ತಲೆ ತಗ್ಗಿಸಿದರು. ಹೌದು, ಹೇಳಬೇಕಿತ್ತು ಎಂದಷ್ಟೇ ಹೇಳಿದರು. ದೂರು ವಾಪಸು ಪಡೆಯಬಹುದೇ ಎಂದು ಇನ್‌ಸ್ಪೆಕ್ಟರನ್ನು ಕೇಳಿದರು. ಎಫ್‌ಐಆರ್ ಆದ ಮೇಲೆ ಅದು ತಮ್ಮ ಕೈಯಲ್ಲಿಲ್ಲ, ಜಾಮೀನಿಗೆ ತಾವು ಅಡ್ಡಿ ಮಾಡುವುದಿಲ್ಲ, ಉಳಿದದ್ದನ್ನು ನ್ಯಾಯಾಲಯದಲ್ಲಿ ಹೇಳಿಕೊಳ್ಳಿ ಎಂದರು ಅವರು. ಹಾಗೆನ್ನುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಪೆಟ್ಟಿಗೆ, ಸೌಟು, ಅಚ್ಚುಗಳ ಜಪ್ತಿ ಪಂಚನಾಮೆಯಾಯಿತು. ಅಜ್ಜನೇ ಮಣಿಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದ. ಸಾಲು ಕರಗುತ್ತ ಹೋದಂತೆ ಹುಡುಗ ಹಿಂದೆ ಮುಂದೆ ತೂಗಾಡತೊಡಗಿದ. ಕೊನೆಯ ಮಣಿಯನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡ. ತಾಯಿ ಬಿಡಿಸಲು ಹೋದಾಗ ತನ್ನ ಕೈಯನ್ನೇ ಕಚ್ಚಿಕೊಂಡ. ಡಾಕ್ಟರಮ್ಮ ಬೇಡವೆಂದು ಸನ್ನೆ ಮಾಡಿದರು. ಆದರೆ ಅದನ್ನು ಅವನ ಬಳಿ ಬಿಟ್ಟುಹೋಗುವ ಹಾಗೂ ಇರಲಿಲ್ಲ.

ಅಜ್ಜ ಗೋಡೆಯ ಹಳೆಯ ಬಲೆ ತೋರಿಸಿದ. “ಅದರ ಮೇಲಂಚಿನ ಬೆಂಡುಗಳನ್ನ ಬಿಚ್ಚಿಕೊಳ್ಳವ್ವಾ. ಮರದ್ದು. ಮಣಿ ಬಲೆಯನ್ನ ಕೆಳಗೆ ಎಳೆಯುತ್ತೆ, ಬೆಂಡು ಮೇಲೆ ಹಿಡಿಯುತ್ತೆ. ಎರಡೂ ಸಾಲಿನಲ್ಲೇ ಇರೋದು.”

ಮಹಿಳಾ ಪೇದೆ ಬೆಂಡುಗಳನ್ನು ಬಿಚ್ಚಿದಳು. ಡಾಕ್ಟರಮ್ಮ ಅವನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದರು.

ಸಂಜೆ ನಾಲ್ಕರ ಸುಮಾರಿಗೆ ಅಜ್ಜನನ್ನು ಬಂಧಿಸಲಾಯಿತು. ಕೈಗೆ ಬೇಡಿ ಹಾಕಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಅವನ ತೋಳು ಹಿಡಿದದ್ದು ಮೆಟ್ಟಿಲು ಇಳಿಸುವುದಕ್ಕೆ. ಆರೋಪಿ ಲಾಭಕ್ಕಾಗಿ ಈ ಕೃತ್ಯ ಎಸಗಿಲ್ಲ, ಮಗುವಿನಿಂದ ಅಗಲಬೇಕಾದೀತೆಂಬ ಭಯದಿಂದ ಎಸಗಿದ್ದಾನೆ ಎಂದು ಇನ್‌ಸ್ಪೆಕ್ಟರ್ ಆ ದಿನದ ವರದಿಯಲ್ಲಿ ಬರೆದರು. ಅಗಲಬಾರದೆಂದು ಮಾಡಿದ ಕೆಲಸವೇ ಅಗಲಿಸಿತು ಎಂಬುದನ್ನು ಬರೆಯಲು ಆ ವರದಿಯಲ್ಲಿ ಜಾಗವಿರಲಿಲ್ಲ.

ಜೀಪು ಹೊರಡುವ ಮುಂಚೆ ಮಹಿಳಾ ಪೇದೆ ಒಳಗೆ ಹೋಗಿ ಮುಂದಿನ ಕೋಣೆಯ ನೆಲದಲ್ಲಿ ಕೂತಳು. ಬೆಂಡುಗಳನ್ನು ಒಂದರ ಪಕ್ಕ ಒಂದು ಇಡುತ್ತ ಹೋದಳು. ನಡುವೆ ಒಂದರಷ್ಟು ಜಾಗ ಬಿಟ್ಟಳು. ಹುಡುಗನ ತೂಗಾಟ ನಿಂತಿತು. ಅವನು ಹತ್ತಿರ ಸರಿದು ಸಾಲನ್ನು ನೋಡಿದ, ಖಾಲಿ ಜಾಗವನ್ನು ನೋಡಿದ. ಅವಳ ಮಡಿಲಲ್ಲಿ ಉಳಿದಿದ್ದ ಬೆಂಡನ್ನು ತೆಗೆದು ಅಲ್ಲಿಟ್ಟು, ಬೆರಳಿನಿಂದ ನೇರಮಾಡಿದ.

ಆಮೇಲೆ, ಅವಳ ಮುಖ ನೋಡದೆ, ಮುಷ್ಟಿ ಬಿಚ್ಚಿ ಆ ಮಣಿಯನ್ನು ಅವಳ ಅಂಗೈಯಲ್ಲಿ ಇಟ್ಟ.