ವಾವೆಲ್ ಅರಮನೆಯಲ್ಲಿ ಹಿಂದೆ ಸರಿದ ಕೈ

ಮೇಘಶ್ರೀ ಚಾಚಿದ ಕೈಯನ್ನು ಮಾರುತೇಶ ಹಿಡಿಯಲಿಲ್ಲ. ಥಟ್ಟನೆ ಹಿಂದೆ ಸರಿದ!

ಅವಳ ಕೈ ಗಾಳಿಯಲ್ಲೇ ಉಳಿಯಿತು.

ಪೋಲೆಂಡಿನ ಕ್ರಾಕೋವ್ ಊರು. ಹಿಂದೆ ರಾಜರಿದ್ದ ವಾವೆಲ್ ಅರಮನೆ ಈಗ ಮ್ಯೂಸಿಯಂ. ಇಲ್ಲಿ ಓದಲು ಬಂದ ಬಸವಾಪಟ್ಟಣದ ಮೇಘಶ್ರೀಗೂ, ಗೋದಾಮಿನಲ್ಲಿ ಕೆಲಸಕ್ಕಿರುವ ಜಗಳೂರಿನ ಮಾರುತೇಶನಿಗೂ ಪ್ರೀತಿ ಹುಟ್ಟಿ ವರ್ಷವಾಗಿತ್ತು. ಜಾತಿ ಬೇರೆ. ಅವಳ ಮನೆಯವರು ಹೇಗೋ ಒಪ್ಪಿದ್ದರು. ತನ್ನ ಅವ್ವನಿಗೆ ರಾತ್ರಿ ಫೋನ್ ಮಾಡಿ ಕೇಳುತ್ತೇನೆ, ನಾಳೆ ಅರಮನೆ ನೋಡುತ್ತಾ ಉತ್ತರ ಹೇಳುತ್ತೇನೆ ಎಂದು ಅವನು ನಿನ್ನೆ ಹೇಳಿದ್ದ.

ಉತ್ತರ ಸಿಕ್ಕಿಬಿಟ್ಟಿತಲ್ಲ... 'ಅವರವ್ವ ಬೇಡ ಅಂದಿದಾರೆ.'

ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಪ್ರವೇಶದ ಟಿಕೆಟ್ ಕೊಡಹೋದರೆ ಬೆಂಚಿನ ಮೇಲಿಡಲು ಹೇಳಿ, ಅಲ್ಲಿಂದ ಎತ್ತಿಕೊಂಡ.

ಒಳಗೊಂದು ಸಭಾಂಗಣ. ಮರದ ಚಾವಣಿಯಲ್ಲಿ ಕೆತ್ತಿದ ಮನುಷ್ಯರ ತಲೆಗಳು ಕೆಳಗೇ ನೋಡುತ್ತಿದ್ದವು. ಅವುಗಳಲ್ಲೊಬ್ಬ ಹೆಂಗಸಿನ ಬಾಯಿಗೆ ಪಟ್ಟಿ ಬಿಗಿದಿತ್ತು. ಮೇಘಶ್ರೀ ಕಣ್ಣು ಕೆಳಗಿಳಿಸಿ ಮುಂದೆ ನಡೆದಳು.

ಮುಂದಿನ ಕೋಣೆಯ ಗೋಡೆಯಗಲಕ್ಕೂ ನೇಯ್ದ ಚಿತ್ರ. ಪ್ರಳಯದ ನೀರಿನಲ್ಲಿ ಜನ ಮುಳುಗುತ್ತಿದ್ದರು. ಮಾರುತೇಶ ಅದರ ಮುಂದೆ ನಿಂತವನು ಕದಲಲೇ ಇಲ್ಲ. ಮುಖದಲ್ಲಿ ರಕ್ತವಿರಲಿಲ್ಲ.

ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಅವ್ವ ಒಪ್ಪಲಿಲ್ಲ ಅಂತ ಬಾಯಿಬಿಟ್ಟು ಹೇಳ್ರಿ. ನಾನು ಹೋಗ್ತೀನಿ."

"ಅವ್ವನೇ ಹೋಗಿಬಿಟ್ಲು ಮೇಘಾ... ಬೆಳಗ್ಗೆ ಫೋನ್ ಬಂತು. ನಿಂಗೆ ಹೇಳಾಣ ಅಂತಲೇ ಬಂದೆ, ಬಾಯೇ ಬರ್ಲಿಲ್ಲ. ನಂಗೆ ಸೂತಕ ಐತೆ. ಮುಟ್ಟಬ್ಯಾಡ."

ಸಾವಾದ ಮನೆಯವರು ಕಾರ್ಯ ಮುಗಿಯುವವರೆಗೆ ಹೊರಗಿನವರನ್ನು ಮುಟ್ಟಬಾರದೆಂಬುದು ಅವನ ಮನೆಯ ನಡಾವಳಿ. ಸಾವಿನ ಆ ಮೈಲಿಗೆ ಇವಳಿಗೆ ತಗುಲದಿರಲೆಂದು ಇಷ್ಟು ದೂರದ ದೇಶದಲ್ಲೂ ಪಾಲಿಸುತ್ತಿದ್ದ. ಇವಳದೋ ಲಿಂಗಾಯತರ ಮನೆ. ಅಜ್ಜ ತೀರಿಕೊಂಡಾಗಲೂ ಅಲ್ಲಿ ಯಾರೂ ಯಾರನ್ನೂ ದೂರ ನಿಲ್ಲಿಸಿರಲಿಲ್ಲ. ಪಾಪ, ಹೊಳೆಯುವುದಾದರೂ ಹೇಗೆ?

'ಎಂಥಾ ಮಾತಾಡಿಬಿಟ್ಟೆ ನಾನು...'

ಅವಳು ಹತ್ತಿರ ಬಂದಳು. ಅವನು ಮತ್ತೆ ಹಿಂದೆ ಸರಿದ.

"ನಮ್ಮನೇಲಿ ಸೂತಕ ಹಿಡಿಯಲ್ಲ ರೀ," ಎನ್ನುತ್ತಾ ಅವನ ಎರಡೂ ಕೈ ಹಿಡಿದುಕೊಂಡಳು.

ಬೆಳಗ್ಗೆಯಿಂದ ಅವನು ಬಿಗಿಹಿಡಿದಿದ್ದ ಅಳು ಆಗ ಬಂತು. ಸಾಯಂಕಾಲದ ವಿಮಾನಕ್ಕೆ ಹೊರಟರೂ ಮುಖ ನೋಡಲು ಸಿಗುವುದಿಲ್ಲ, ಮಣ್ಣು ಮಾಡಿರುತ್ತಾರೆ ಎಂದು ಬಿಕ್ಕಿದ.

ಅವಳು ಮೆಲ್ಲಗೆ ಕೇಳಿದಳು. "ನಿನ್ನೆ ಅವ್ವ ಏನಂದ್ರು?"

"ಕರ್ಕೊಂಡು ಬಾ, ನೋಡ್ತೀನಿ ಅಂದಿದ್ಲು."

ಅವಳು ಕಣ್ಣೊರೆಸಿಕೊಂಡಳು. ಅವನ ಕೈ ಬಿಡಲಿಲ್ಲ.

"ಹಂಗಾದ್ರೆ ಕರ್ಕೊಂಡು ಹೋಗ್ರಿ."