ಹುಳದ ಮನೆಯ ಪ್ರಾರ್ಥನೆ

ಕೈಲಾಂಚ ಹೋಬಳಿಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಎರಡು ಸಾವಿರದ ಹದಿನಾಲ್ಕನೆಯ ಇಸವಿಯ ಒಂದು ಗುರುವಾರ ಮಧ್ಯಾಹ್ನ ಹನುಮಂತಮ್ಮನ ಮನೆಯಲ್ಲಿ ಒಂದು ರಾಗಿಮುದ್ದೆ ಆರಿಹೋದ ಸಂಗತಿಯನ್ನು ಬಿಡುವಂತಿಲ್ಲ. ಮುದ್ದೆ ದೊಡ್ಡದೇನಲ್ಲ, ಏಳು ವರ್ಷದ ಹುಡುಗಿಯ ಹೊಟ್ಟೆಗೆ ಸಾಕಾಗುವಷ್ಟು. ಪಕ್ಕದಲ್ಲಿ ಹುರುಳಿಕಾಳಿನ ಸಾರು. ಎರಡರಿಂದಲೂ ಹಬೆ ಏಳುತ್ತಿತ್ತು. ಅವುಗಳ ಮುಂದೆ ಮಾಯಿ ಎಂಬ ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೂತುಬಿಟ್ಟಿದ್ದಳು. ಹಬೆ ನಿಂತಿತು. ಹುಡುಗಿ ಕಣ್ಣು ಬಿಡಲಿಲ್ಲ. ಎದುರಿಗೆ ಕೂತಿದ್ದ ಅಜ್ಜಿ ಹನುಮಂತಮ್ಮ ತನ್ನ ಮುದ್ದೆ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಬಾಯಿಗಿಟ್ಟರೂ ಬಿಡಲಿಲ್ಲ.

"ಏನೇ ಕೂಸು, ತೂಕಡಿಸ್ತಾ ಇದ್ದೀಯಾ?"

"ಇಲ್ಲ ಅಜ್ಜಿ, ಪ್ರಾರ್ಥನೆ ಮಾಡ್ತಾ ಇವ್ನಿ."

"ಅದ್ಯಾರು ನಿಂಗೆ ಇದ್ನ ಕಲಿಸ್ಕೊಟ್ಟೋರು?"

ಮಾಯಿ ತನಗೆ ತಿಳಿದ ಮಟ್ಟಿಗೆ ನಿಜವನ್ನೇ ಹೇಳಿದಳು. "ಹುಳ. ಜ್ವರಕ್ಕೆ ಕೂತಾಗ ಅವೂ ಹಿಂಗೇ ತಲೆ ಎತ್ಕೊಂಡು ಅಳ್ಳಾಡ್ದಂಗೆ ಇರ್ತವಲ್ಲ ಅಜ್ಜಿ. ನಾನೂ ಅವ್ವನೂ ಅವುಗಳ ಜೊತೆಗೆ ಕೂತ್ಕತೀವಿ. ಉಸಿರು ಎಳ್ಕೊವಾಗ 'ಯೇಸು', ಬಿಡುವಾಗ 'ಸ್ವಾಮಿ'. ಅಷ್ಟೇಯ."

ಅಷ್ಟೇ! ಒಲೆಯ ಮುಂದೆ ನಿಂತಿದ್ದ ಅವಳ ತಾಯಿ ಲೂರ್ದು ಮೇರಿಯ ಕೈಯಿಂದ ಮುದ್ದೆಕೋಲು ಜಾರಿ ಬಿತ್ತು.

ಲೂರ್ದು ಮೇರಿ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಬದುಕಿತ್ತು. ಮನೆಯಲ್ಲಿ ಅವಳು ಅತ್ತೆ ಇಟ್ಟ ಹೆಸರಿನ ಗಂಗಲಕ್ಷ್ಮಿ. ಕನಕಪುರದ ಕಡೆಯ ಒಂದು ಕ್ರೈಸ್ತರ ಹಳ್ಳಿಯವಳು. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಾಗ, ಅಲ್ಲೇ ಯಂತ್ರ ನೋಡಿಕೊಳ್ಳುತ್ತಿದ್ದ ಸಿದ್ದರಾಜುವನ್ನು ಮೆಚ್ಚಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾರ ಬದಲಾಯಿಸಿ ಬಂದವಳು. ಹೊಸಿಲ ಮೇಲೆ ನಿಂತ ಸೊಸೆಗೆ ಹನುಮಂತಮ್ಮ ಆರತಿಗೆ ಮುಂಚೆ ಕರಾರು ಎತ್ತಿದ್ದಳು: "ನೋಡಮ್ಮಿ, ನಿನ್ನ ದೇವ್ರು ನಿನ್ನ ಎದೆವೊಳ್ಗೆ ಇರ್ಲಿ, ಬ್ಯಾಡ ಅನ್ನಾಕಿಲ್ಲ. ನನ್ನ ಮನೆವೊಳೀಕೆ ಬರ್ಕೂಡ್ದು." ಸೊಸೆ ಹೂಂ ಅಂದಿದ್ದಳು. ಒಂಬತ್ತು ವರ್ಷ ಆ ಮಾತನ್ನು ಅಕ್ಷರಶಃ ನಡೆಸಿದ್ದಳು ಕೂಡ. ಗೋಡೆಗೆ ಶಿಲುಬೆ ಬರಲಿಲ್ಲ. ಜಪಸರ ತವರಿನ ಪೆಟ್ಟಿಗೆಯಲ್ಲೇ ಉಳಿಯಿತು. ಭಾನುವಾರಗಳಲ್ಲಿ ಅವಳು ಹಿಪ್ಪುನೇರಳೆ ಸೊಪ್ಪು ಬಿಡಿಸಿದಳು. ಆದರೆ ಅವಳು ಚಿಕ್ಕವಳಿದ್ದಾಗ ಶಾಲೆಯ ಸಿಸ್ಟರೊಬ್ಬರು ಕಲಿಸಿದ ಒಂದು ವಿದ್ಯೆ ಇತ್ತು. ಅದಕ್ಕೆ ಪಟ ಬೇಡ, ದೀಪ ಬೇಡ, ಬಾಯಿ ಕೂಡ ಬೇಡ. ನೆಟ್ಟಗೆ ಕೂರುವುದು, ಉಸಿರಿನ ಜೊತೆ ಒಂದೇ ಹೆಸರನ್ನು ಒಳಗೊಳಗೇ ಹೇಳಿಕೊಳ್ಳುವುದು, ಮನಸ್ಸು ಓಡಿಹೋದರೆ ಬೈಯದೆ ಕರೆತರುವುದು. ಮಗಳಿಗೆ ಬಂಗಾರವನ್ನಂತೂ ಕೊಡಲಾರದ ಅವಳು ಇದನ್ನಾದರೂ ಕೊಡಬೇಕೆಂದುಕೊಂಡಿದ್ದಳು. ತನ್ನದು ಅಂತ ಅವಳ ಹತ್ತಿರ ಬೇರೆ ಏನಿತ್ತು...

ಅದಕ್ಕೆ ಜಾಗ ಒದಗಿಸಿಕೊಟ್ಟವಳು ಸ್ವತಃ ಹನುಮಂತಮ್ಮ! ರೇಷ್ಮೆಹುಳದ ಮನೆಯಲ್ಲಿ ಅವಳ ಕಾನೂನು ಪೊಲೀಸರಿಗಿಂತ ಬಿಗಿ. ಚಪ್ಪಲಿ ಹೊರಗೆ, ಪರಊರಿನವರು ಹೊರಗೆ, ಊದುಬತ್ತಿ, ಸೆಂಟು, ಪೌಡರು ಎಲ್ಲವೂ ಹೊರಗೆ. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದಲ್ಲ, ಅದೇ ಜ್ವರ. ಆ ಹೊತ್ತಿನಲ್ಲಿ ಒಳಗೆ ಕೆಮ್ಮಿದರೂ ತಪ್ಪು. ಎರಡನೇ ಜ್ವರ ಮುಗಿದ ಹುಳವನ್ನು ಅವರು ಹೊರಗಿನಿಂದ ತರುತ್ತಿದ್ದರು. ಮೂರನೆಯದೂ ನಾಲ್ಕನೆಯದೂ ಮನೆಯಲ್ಲೇ. ಹೀಗಾಗಿ ಬೆಳೆಗೆ ಎರಡು ಸಲ, ಹುಳದ ಹಾಸು ಒಣಗಿರಲೆಂದು ಸುಣ್ಣದ ಪುಡಿ ಚೆಲ್ಲಿ ಮುಗಿದ ಮೇಲೆ, ತಾಯಿ ಮಗಳು ತಟ್ಟೆಗಳ ನಡುವೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಸೊಸೆಯೂ ಮೊಮ್ಮಗಳೂ ಸದ್ದಿಲ್ಲದೆ ಹುಳ ಕಾಯುತ್ತಾರೆಂದು ಹನುಮಂತಮ್ಮ ಊರೆಲ್ಲ ಹೊಗಳಿಕೊಂಡು ಬಂದಿದ್ದಳು.

ಆ ಹೊಗಳಿಕೆಯೇ ಈಗ ಅವಳಿಗೆ ಹೆಚ್ಚು ಉರಿ ಎಬ್ಬಿಸಿತು.

"ನನ್ನ ಹುಳದ ಮನೇಲೇ! ನಾನು ಉಸಿರು ಬಿಗಿ ಹಿಡ್ಕೊಂಡು ಹೊರಗೆ ಕಾವಲು ಕೂತಿರೋದು, ಒಳಗೆ ನೀನು ನನ್ನ ಮೊಮ್ಮಗಳ ಜಾತಿ ಕೆಡಿಸೋದು! ಅಯ್ಯೋ, ಎಂಥ ಬೆಪ್ಪಿ ನಾನು!"

"ಜಾತಿ ಕೆಡಿಸ್ಲಿಲ್ಲ ಅತ್ತೆ... ಸುಮ್ನೆ ಕೂರೋದು ಕಲಿಸ್ದೆ, ಅಷ್ಟೇ."

"ಸುಮ್ನೆ ಕೂರೋದೇ? ಇನ್ಮ್ಯಾಕೆ ಈ ಮನೇಲಿ ಯಾರೂ ಸುಮ್ನೆ ಕೂತ್ಕೊಕೂಡ್ದು! ಹೇಳಿವ್ನಿ!"

ಭೂಮಿಯ ಮೇಲೆ ಬಹಳ ಬಗೆಯ ಶಾಸನಗಳು ಹುಟ್ಟಿವೆ, ಇಂಥದು ಅಪರೂಪ. ಅಂದಿನಿಂದ ಟಿ.ವಿ. ಬೆಳಗಿನಿಂದಲೇ ಕೂಗತೊಡಗಿತು. ಮಾಯಿ ಊಟದ ತಟ್ಟೆಯ ಮುಂದೆ ಮಗ್ಗಿ ಹೇಳಬೇಕಾಯಿತು. ಹದಿನಾಲ್ಕರ ಮಗ್ಗಿಯನ್ನು ಅವಳು ಕಲಿತದ್ದೇ ಹಾಗೆ. ಹುಟ್ಟಿನಿಂದ ಮಿತಭಾಷಿಯಾದ ಸಿದ್ದರಾಜು ಪಾಳಿ ಮುಗಿಸಿ ಬಂದು ಜಗಲಿಯ ಮೇಲೆ ತೆಪ್ಪಗೆ ಕೂತರೆ, ಒಳಗಿನಿಂದ ತಾಯಿಯ ದನಿ ಬರುತ್ತಿತ್ತು: "ನೀನೂ ಶುರು ಹಚ್ಕೊಂಡ್ಯೇನ್ಲಾ?" ಅವನು ಬೆಚ್ಚಿ, ಯಾರೂ ಇಲ್ಲದ ಬೀದಿಯ ಕಡೆ ನೋಡಿ, "ಮಳೆ ಬರಂಗೈತೆ" ಎನ್ನುತ್ತಿದ್ದ.

ಹುಳ ಗೂಡು ಕಟ್ಟಲು ಬೇಕಾದ ಚಂದ್ರಿಕೆಗಳನ್ನು ಬಾಡಿಗೆಗೆ ಕೊಡುವ ಗುಲ್ಜಾರ್ ಬೀ ಬಂದಾಗ ಈ ಗದ್ದಲ ಕೇಳಿ ಕಿವಿ ಮುಚ್ಚಿಕೊಂಡಳು.

"ಏನ್ ಹನುಮಂತಕ್ಕ, ಮನೇನ ಬಸ್‌ಸ್ಟ್ಯಾಂಡ್ ಮಾಡ್ಬುಟ್ಟಿದ್ದೀಯ? ಮಗು ಕಣ್ ಮುಚ್ಚಿದ್ರೆ ಏನಾಯ್ತು? ನಾವು ದಿನಕ್ಕೆ ಐದು ಸಲ ನಮಾಜಿಗೆ ಕೂರ್ತೀವಿ. ನಮ್ಮನೆ ಅನ್ನ ಆರಿದ್ರೆ ಯಾರೂ ಪಂಚಾಯ್ತಿ ಸೇರ್ಸಲ್ಲ."

"ನೀನು ನಿನ್ನ ಮನೇಲಿ ಕೂರು ತಾಯಿ. ಚಂದ್ರಿಕೆ ಇಳಿಸು, ಹೊರಡು."

ಮಗುವಿಗೆ ಮಾತ್ರ ಈ ಕಾನೂನಿನ ತಲೆಬುಡ ತಿಳಿಯಲಿಲ್ಲ. ಒಂದು ಸಂಜೆ ಹಿಪ್ಪುನೇರಳೆ ತೋಟದ ಸಾಲಿನ ಕೊನೆಯಲ್ಲಿ ಮಾಯಿ ಮತ್ತೆ ಕೂತಿದ್ದಳು, ನೆಟ್ಟಗೆ, ನಿಶ್ಚಲವಾಗಿ. ಹನುಮಂತಮ್ಮ ಕಂಡಳು, ಏನೂ ಅನ್ನಲಿಲ್ಲ. ಕೂಗಾಡುವ ಹೆಂಗಸು ಕೂಗದಿದ್ದಾಗಲೇ ಲೂರ್ದು ಮೇರಿಯ ಎದೆ ಒಡೆದಿತ್ತು. ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಮಾಯಿಯ ಬಟ್ಟೆಯ ಚೀಲ ಸಿದ್ಧವಾಗಿತ್ತು. ಅದರ ಮೇಲೆ ಅವಳ ಶಾಲೆಯ ಬೂಟು.

"ಮಾಗಡಿಗೆ ಕಳಿಸ್ತೀನಿ. ನನ್ನ ಮಗಳು ಚಿಕ್ಕಲಕ್ಷ್ಮಿ ಮನೆಗೆ. ಸಾವನದುರ್ಗದ ತಪ್ಪಲಲ್ಲಿ ಬೆಳೀಲಿ, ಅಲ್ಲೇ ಓದ್ಲಿ. ಮದುವೆ ವಯಸ್ಸಿಗೆ ಕರ್ಕೊಂಡು ಬಂದ್ರಾಯ್ತು."

"ಅತ್ತೆ!" ಲೂರ್ದು ಮೇರಿ ಚೀಲವನ್ನು ಎದೆಗವಚಿಕೊಂಡು ನೆಲಕ್ಕೆ ಕುಸಿದಳು. "ನನ್ನ ಹೆಸರು ತಗೊಂಡ್ರಿ, ಕೊಟ್ಟೆ. ಭಾನುವಾರ ತಗೊಂಡ್ರಿ, ಕೊಟ್ಟೆ. ಕೂಸ್ನ ಹೆಂಗೆ ಕೊಡ್ಲಿ? ನನ್ನ ಉಸಿರು ಇರೋದೇ ಅದ್ರಲ್ಲಿ... ಏನ್ರೀ, ನೀವಾದ್ರೂ ಒಂದು ಮಾತು ಆಡ್ರೀ!"

ಮಾತಾಡಲೇಬೇಕೆಂಬ ಕಾನೂನಿದ್ದ ಆ ಮನೆಯಲ್ಲಿ ಸಿದ್ದರಾಜು ಆ ಗಳಿಗೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಕೊನೆಗೆ ಬಾಗಿಲಿನ ಚಿಲಕಕ್ಕೆ ಹೇಳುವವನಂತೆ, "ಅವ್ವ ಹೇಳ್ದಂಗೆ ಕೇಳ್ಬುಡು... ಕೂಸು ಉಳ್ಕತದೆ" ಅಂದ.

"ಕೇಳ್ತೀಯಾ?" ಹನುಮಂತಮ್ಮ ಮೊಮ್ಮಗಳನ್ನು ಎಳೆದು ಸೊಸೆಯ ಮುಂದೆ ನಿಲ್ಲಿಸಿದಳು. "ಹಂಗಾರೆ ಇವಳ ತಲೆ ಮುಟ್ಟು. ಇನ್ಮೇಲೆ ಇವಳ ಜೊತೆ ಹುಳದ ಮನೇಲಿ ಕೂರಾಕಿಲ್ಲ, ಎಲ್ಲೂ ಕಣ್ಣು ಮುಚ್ಚಾಕಿಲ್ಲ, ಆ ಹೆಸರ ಇವಳ ಮುಂದೆ ಎತ್ತಾಕಿಲ್ಲ ಅಂತ ಆಣೆ ಇಡು. ತಪ್ಪಿದ್ರೆ... ಏನಾಯ್ತದೆ ಅಂತ ನಾನು ಹೇಳ್ಬೇಕಾಗಿಲ್ಲ."

ಲೂರ್ದು ಮೇರಿಯ ಕೈ ಮೇಲೆದ್ದಿತು. ಅವಳ ಧರ್ಮದಲ್ಲಿ ಹೀಗೆ ಆಣೆಯಿಡುವುದು ಸಲ್ಲದು. ಆಣೆ ತಪ್ಪಿದರೆ ತಲೆಗೆ ಕೇಡು ಎಂಬುದನ್ನು ಅವಳು ನಂಬುವವಳೂ ಅಲ್ಲ. ಆದರೆ ಬೆರಳ ಕೆಳಗೆ ಎಣ್ಣೆ ಹಚ್ಚಿದ ಆ ಪುಟ್ಟ ತಲೆ ಬೆಚ್ಚಗಿತ್ತು. ಬೈತಲೆಯನ್ನು ಅವಳೇ ಬೆಳಿಗ್ಗೆ ತೆಗೆದಿದ್ದಳು. ಎಲ್ಲ ಮಾತುಗಳನ್ನೂ ಒಂದೊಂದಾಗಿ ಹೇಳಿದಳು. ಹೇಳಿ ಮುಗಿಸಿ, ಮಗುವಿನ ಮುಖ ನೋಡಲಾರದೆ ಹಿತ್ತಲಿಗೆ ಓಡಿದಳು.

ಚೀಲದ ಬಟ್ಟೆ ಮತ್ತೆ ಬೀರು ಸೇರಿತು. ಟಿ.ವಿ. ಆರಿತು. ಮಾಯಿ ಒಂದೆರಡು ದಿನ "ಬಾರವ್ವ, ಕೂತ್ಕೊಳಾನ" ಎಂದು ಸೆರಗು ಹಿಡಿದು ಎಳೆದಳು. "ನಂಗೆ ಕೆಲಸ ಐತೆ ಕಂದ" ಎಂದು ತಾಯಿ ಸೆರಗು ಬಿಡಿಸಿಕೊಂಡಳು.

ಮುಂದಿನ ಬೆಳೆ ಬಂತು. ಹುಳ ಮೂರನೇ ಜ್ವರಕ್ಕೆ ಕೂತ ದಿನ ಭಾನುವಾರ. ಸುಣ್ಣ ಚೆಲ್ಲಲು ಒಬ್ಬರಿಗೆ ಇನ್ನೊಬ್ಬರ ಕೈ ಬೇಕು, ಎತ್ತರದ ತಟ್ಟೆಗಳಿಗೆ ಮಣೆ ಹತ್ತುವ ಹಗುರ ಮೈ ಬೇಕು. ಆಣೆಯಾದ್ದರಿಂದ ತಾಯಿ ಮಗಳು ಒಟ್ಟಿಗೆ ಒಳಹೋಗುವಂತಿಲ್ಲ. ಹೀಗಾಗಿ ಮೊಮ್ಮಗಳ ಜೊತೆ ಹನುಮಂತಮ್ಮ ತಾನೇ ಹೋದಳು. ಸುಣ್ಣ ಚೆಲ್ಲಿ ಆಯಿತು. ಅಜ್ಜಿ ಗೋಡೆಗೆ ಒರಗಿದಳು. ಮಾಯಿ ಎದುರಿಗೆ ಕೂತಳು, ಬೆನ್ನು ನೆಟ್ಟಗೆ ಮಾಡಿದಳು, ಕಣ್ಣು ಮುಚ್ಚಿದಳು.

ಹನುಮಂತಮ್ಮನ ಬಾಯಿ ತೆರೆಯಿತು. ಹಾಗೆಯೇ ಮುಚ್ಚಿತು. ಜ್ವರದ ಹೊತ್ತಿನಲ್ಲಿ ಹುಳದ ಮನೆಯಲ್ಲಿ ದನಿ ಎತ್ತುವುದು ಅವಳದೇ ಕಾನೂನಿನ ಪ್ರಕಾರ ಮಹಾಪರಾಧ! ಬೈಯುವಂತಿಲ್ಲ, ಎಳೆಯುವಂತಿಲ್ಲ, ತಟ್ಟೆ ಅಲ್ಲಾಡುತ್ತದೆ. ಎದ್ದು ಹೋದರೆ ಹುಡುಗಿ ಗೆದ್ದಂತೆ. ಹನ್ನೊಂದು ವರ್ಷದ ಹಿಂದೆ ಗಂಡ ಗಂಗಯ್ಯ ಬಸ್ಸಿಗೆ ಸಿಕ್ಕಿ ತೀರಿಕೊಂಡ ದಿನದಿಂದ ಅವಳು ಕೈ ಖಾಲಿ ಬಿಟ್ಟು ಕೂತದ್ದೇ ಇರಲಿಲ್ಲ. ಕೂತರೆ ಅವನು ಬರುತ್ತಾನೆಂಬ ಭಯ. ಆ ಭಯವನ್ನು ಮೊಮ್ಮಗಳಿಗೂ ಎಷ್ಟೋ ಸಲ ಹೇಳಿಕೊಂಡಿದ್ದಳು. ಈಗ ಸಾವಿರಾರು ಹುಳಗಳು ತಲೆ ಎತ್ತಿ ನಿಂತಿದ್ದವು, ಎದುರಿಗೆ ಮಗು ಕಲ್ಲಿನಂತೆ ಕೂತಿತ್ತು, ನಡುವೆ ಸಿಕ್ಕಿಬಿದ್ದ ಹನುಮಂತಮ್ಮನಿಗೆ ಮಾಡಲು ಯಾವ ಕೆಲಸವೂ ಇರಲಿಲ್ಲ. ಗಂಗಯ್ಯ ಬಂದ. ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಬಸ್ಸಿಗೆ ಹೊರಟವನ ಹಾಗೆಯೇ ಬಂದ. ಅವಳ ಕಣ್ಣಿಂದ ಬಳಬಳ ನೀರಿಳಿಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮಾಯಿ ಕಣ್ಣು ಬಿಟ್ಟು, ತೆವಳಿಕೊಂಡು ಹತ್ತಿರ ಬಂದು, ಕಿವಿಯಲ್ಲಿ ಪಿಸುಗುಟ್ಟಿದಳು. "ತಾತ ಬಂದ್ನಾ ಅಜ್ಜಿ? ಬಂದ್ರೆ ಬರ್ಲಿ ಬುಡು. ಓಡಿಸ್ಬ್ಯಾಡ. ನೀನು ಒಂದು ಹೆಸರ ಹಿಡ್ಕೊ. ಅವ್ನೂ ಪಕ್ಕದಲ್ಲಿ ಸುಮ್ನೆ ಕೂತ್ಕತಾನೆ."

"ನಾನು... ಯಾವ ಹೆಸರ ಹಿಡ್ಕಳ್ಲೇ?"

"ನಿಂಗೆ ಯಾವ್ದು ಇಷ್ಟವೋ ಅದು."

ಹನುಮಂತಮ್ಮ ಕಣ್ಣು ಮುಚ್ಚಿ ತನ್ನ ಮನೆದೇವತೆಯ ಹೆಸರು ಹಿಡಿದಳು. ಉಸಿರು ಒಳಗೆ ಹೋಗುವಾಗ "ಕಬ್ಬಾಳ" ಎಂದಿತು, ಹೊರಗೆ ಬರುವಾಗ "ಅಮ್ಮ" ಎಂದಿತು. ಬೆಚ್ಚನೆಯ ಆ ಕೋಣೆಯಲ್ಲಿ ಅಜ್ಜಿಯೂ ಮೊಮ್ಮಗಳೂ ಎಷ್ಟು ಹೊತ್ತು ಕೂತರೋ ಹುಳಗಳಿಗೇ ಗೊತ್ತು.

ಬಾಗಿಲು ತೆರೆದಾಗ ಲೂರ್ದು ಮೇರಿ ಹೊರಗೆ ಸೊಪ್ಪಿನ ರಾಶಿಯ ಪಕ್ಕ ಕೂತಿದ್ದಳು. ಬಲೆ ಹೊದಿಸಿದ ಕಿಟಕಿಯಿಂದ ಅವಳು ಎಲ್ಲವನ್ನೂ ನೋಡಿದ್ದಳೆಂದು ಮುಖವೇ ಹೇಳುತ್ತಿತ್ತು. ಹನುಮಂತಮ್ಮ ಅವಳ ಮುಂದೆ ನಿಂತಳು.

"ಏಳವ್ವ... ಮೇರಿ." ಆ ಹೆಸರನ್ನು ಅವಳು ಬಾಯಲ್ಲಿ ಆಡಿದ್ದು ಅದೇ ಮೊದಲು. "ಏಳು. ನಾನು ಕೆಟ್ಟೋಳು ಕಣವ್ವ. ನೀನೂ ಬಾ ಒಳೀಕೆ. ಕೂಸಿನ ಜೊತೆ ಕೂತ್ಕೊ ಬಾ."

ಲೂರ್ದು ಮೇರಿ ಎದ್ದಳು. ಎರಡು ಹೆಜ್ಜೆ ಬಂದಳು. ಹೊಸಿಲಿನಲ್ಲಿ ಮಾಯಿ ನಿಂತಿದ್ದಳು, ಕೂದಲ ಮೇಲೆಲ್ಲ ಸುಣ್ಣದ ಪುಡಿ ಬಿದ್ದು ಬೆಳ್ಳಗಾಗಿತ್ತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಆ ತಲೆಯನ್ನು ನೋಡಿದರು.

"ಬ್ಯಾಡ!" ಹನುಮಂತಮ್ಮ ಬೆವೆತುಹೋದಳು. "ಬ್ಯಾಡ ಕಣವ್ವ... ಮುಟ್ಟಿದ್ದೀಯಲ್ಲ. ತಲೆ ಮುಟ್ಟಿ ಹೇಳಿದ್ದೀಯ. ಅಯ್ಯೋ, ನಾನೇ ಹೇಳ್ಸಿದ್ನಲ್ಲ!"

"ನಮ್ಮಲ್ಲಿ ಆಣೆ ಅನ್ನೋದು ನಂಬಲ್ಲ ಅತ್ತೆ."

"ನಂಬ್ಬೇಡ. ಆದ್ರೆ ನಾಳೆ ಇದಕ್ಕೆ ಒಂದು ನೆಗಡಿ ಬಂತು ಅಂತ ಇಟ್ಕೊ. ಆವಾಗ?"

ಸೀನಿದ ಮಗು, ಒದ್ದೆ ಬಟ್ಟೆ, ಆಸ್ಪತ್ರೆಯ ಬೆಂಚು ಎಲ್ಲವೂ ಲೂರ್ದು ಮೇರಿಯ ಕಣ್ಣ ಮುಂದೆ ಬಂದವು. ತಾನು ನಂಬುವುದಿಲ್ಲ. ಆದರೆ ಪರೀಕ್ಷಿಸಿ ನೋಡಲು ಇವಳ ತಲೆಯೇ ಬೇಕೆ? ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, "ಸೊಪ್ಪು ಬಾಡ್ತಾ ಐತೆ ಅತ್ತೆ. ನೀವು ಹೋಗಿ" ಅಂದಳು. ಅತ್ತೆ ಸೊಸೆಯನ್ನು ತಬ್ಬಿಕೊಂಡು ಅತ್ತಳು. ಸೊಸೆಯೂ ಅತ್ತಳು. ಅದರಿಂದ ಆಣೆಗೇನೂ ಆಗಲಿಲ್ಲ.

ಈಗ ಬೆಳೆಗೆ ಎರಡು ಸಲ ಅಜ್ಜಿ ಮೊಮ್ಮಗಳು ಒಳಗೆ ಕಣ್ಣು ಮುಚ್ಚಿ ಕೂರುತ್ತಾರೆ. ಲೂರ್ದು ಮೇರಿ ಹೊರಗೆ ಸೊಪ್ಪು ಕಾಯುತ್ತಾಳೆ. ಅವಳನ್ನು ಮನೆಯಲ್ಲಿ ಎಲ್ಲರೂ ಮೇರಿ ಎಂದೇ ಕರೆಯುತ್ತಾರೆ. ಆಣೆ ಹಾಗೇ ಇದೆ.