ಮೂರನೇ ಚರಣ ನುಂಗಿದವಳು

“ವಾಪಸ್ ಬರುವಾಗ ಮೂರನೇ ಚರಣಾನ ಯಾರಪ್ಪಾ ನುಂಗ್ತಾ ಇರೋದು?”

ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಇದ್ದದ್ದು ಒಂದು ಕಂಪ್ಯೂಟರ್, ಎರಡು ಪುಟ್ಟ ಸ್ಪೀಕರ್, ಕೆನೆಗಟ್ಟಿದ ಒಂದು ಲೋಟ ಕಾಫಿ. ಕೆಳಗಿನ ಅಂಗಡಿಯ ಝೆರಾಕ್ಸ್ ಯಂತ್ರದ ಸದ್ದು ಮಾತ್ರ ಮೆಟ್ಟಿಲೇರಿ ಬರುತ್ತಿತ್ತು.

“ನಾನಂತೂ ಅಲ್ಲ. ಊಟ ಮುಗಿಸಿಕೊಂಡೇ ಬಂದಿದೀನಿ.”

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದ. ಮೊಣಕೈ ಸವೆದ ನೀಲಿ ಸ್ವೆಟರ್, ಮೂಗಿನ ತುದಿಗೆ ಜಾರಿದ ಕನ್ನಡಕ. ಗೋಡೆಯ ಗಡಿಯಾರ ಆಗತಾನೇ ಮೂರು ಹೊಡೆದಿತ್ತು. ಆರು ದಿನದಿಂದಲೂ ಅವನು ಬರುತ್ತಿದ್ದದ್ದು ಸರಿಯಾಗಿ ಮೂರಕ್ಕೇ.

“ಬಾಗಿಲು ತಟ್ಟಿ ಬರೋ ಅಭ್ಯಾಸ ಇಲ್ವಾ ಮೇಷ್ಟ್ರೇ?”

“ತಟ್ಟಿದೆ. ನೀವು ಕಂಪ್ಯೂಟರ್‌ನ ಬೈತಾ ಇದ್ರಿ. ನಡುವೆ ಬಾಯಿ ಹಾಕೋದು ಬೇಡ ಅಂತ ಸುಮ್ಮನಿದ್ದೆ.”

ಅವಳ ಕಸುಬು ಸ್ವರಲಿಪಿ ಜೋಡಿಸುವುದು. ಕೈಬರಹದ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ, ಅದರ ಬಾಯಲ್ಲೇ ಒಮ್ಮೆ ನುಡಿಸಿ ನೋಡಿ, ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಅಚ್ಚಿಗೆ ಕೊಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಯಾವ ಹಾಡೂ ಅವಳನ್ನು ಹೀಗೆ ಸತಾಯಿಸಿರಲಿಲ್ಲ.

ಹಾಡು ಮೇಷ್ಟ್ರ ಸೋದರತ್ತೆಯದು. ಮೂವತ್ತು ವರ್ಷ ಒಂದು ಗಾಯನ ತಂಡ ಕಟ್ಟಿ ನಡೆಸಿದಾಕೆ, ಹೋದ ವರ್ಷ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಬಲಗೈ ಬಿದ್ದುಹೋಗಿತ್ತು, ಮಾತು ತಡೆತಡೆದು ಬರುತ್ತಿತ್ತು. ಕಿವಿ ಮಾತ್ರ ಮೊದಲಿನಷ್ಟೇ ಚುರುಕು. ಕೈ ಹೋಗುವ ಹಿಂದಿನ ವಾರ ಬರೆದು ಮುಗಿಸಿದ ಆ ಹಾಡನ್ನು ಅವರು ಇನ್ನೂ ಯಾರ ಬಾಯಲ್ಲೂ ಕೇಳಿರಲಿಲ್ಲ. ತಂಡವನ್ನೀಗ ನಡೆಸುತ್ತಿದ್ದವನು ಈ ಸೋದರಳಿಯ. ಬರುವ ವಾರದ ಭಾನುವಾರ ನಲವತ್ತು ಜನ ಅತ್ತೆಯೆದುರು ಆ ಹಾಡು ಹಾಡಬೇಕಿತ್ತು.

ನಲವತ್ತು ಜನರಲ್ಲಿ ಸ್ವರಲಿಪಿ ಓದಲು ಬರುವವರು ಐದಾರು ಮಂದಿ. ಉಳಿದವರದ್ದು ಕಿವಿಯ ಕಲಿಕೆ. ಮೊಬೈಲಿನಲ್ಲಿ ಪುಟ ತೆರೆದು, ಅದರ ಮೇಲೆ ಓಡುವ ನೀಲಿ ಗೆರೆಯನ್ನು ನೋಡುತ್ತ, ನುಡಿಯುವುದನ್ನು ಕೇಳುತ್ತ ಕಲಿಯುತ್ತಿದ್ದರು. ಆದ್ದರಿಂದ ಕಂಪ್ಯೂಟರ್ ತಪ್ಪಿದರೆ ತಂಡವೂ ತಪ್ಪಿದಂತೆಯೇ.

ಹಾಡಿಗೆ ನಾಲ್ಕು ಚರಣ. ಮೊದಲಿನ ಎರಡನ್ನು ಒಂದೇ ಸಾಲುಗಳ ಮೇಲೆ ಎರಡು ಸಲ ಹಾಡಬೇಕು. ಮೊದಲ ಸಲಕ್ಕೊಂದು ಕೊನೆ, ಎರಡನೇ ಸಲಕ್ಕೆ ಬೇರೊಂದು. ಆಮೇಲೆ ಸಣ್ಣದೊಂದು ನಡುಭಾಗ. ಅದರ ತುದಿಯಲ್ಲಿ ‘ಚಿಹ್ನೆಗೆ ಹಿಂದಿರುಗಿ’ ಎಂಬ ಸೂಚನೆ, ಅಂದರೆ ಗುರುತು ಹಾಕಿದ ಮೊದಲ ಸಾಲಿಗೆ. ಹಿಂದಿರುಗಿ ಬಂದು ಅದೇ ಸಾಲುಗಳನ್ನು ಮತ್ತೆ ಎರಡು ಸಲ ಹಾಡಿದರೆ ಮೂರನೆಯದೂ ನಾಲ್ಕನೆಯದೂ ಮುಗಿದು ಮುಕ್ತಾಯ. ಆದರೆ ಕಂಪ್ಯೂಟರ್ ಹಿಂದಿರುಗಿದ ಮೇಲೆ ಎರಡು ಸಲ ಹೋಗುತ್ತಿರಲಿಲ್ಲ. ಮೂರನೆಯದನ್ನು ನುಂಗಿ, ನಾಲ್ಕನೆಯದನ್ನಷ್ಟೇ ಒಂದು ಸಲ ನುಡಿಸಿ ಮುಕ್ತಾಯಕ್ಕೆ ಹಾರಿಬಿಡುತ್ತಿತ್ತು.

“ಎಲ್ಲಾನೂ ಬಿಡಿಸಿ ಬರೆದುಬಿಡ್ಲಾ?” ಎಂದಳು. “ಹನ್ನೊಂದು ಪುಟ ಆಗುತ್ತೆ. ಕಾಟ ತಪ್ಪುತ್ತೆ.”

“ಅತ್ತೆ ಒಪ್ಪಲ್ಲ. ನಾಲ್ಕೇ ಪುಟ ಇರಬೇಕು, ಹಾಡೋರು ಪುಟ ತಿರುವುತ್ತಾ ಕೂತರೆ ಉಸಿರು ಯಾವಾಗ ತಗೋತಾರೆ ಅಂತಾರೆ.”

“ಅತ್ತೆ ಮಾತು ಅಷ್ಟು ಕೇಳ್ತೀರಾ?”

“ಕೇಳದೆ ಇದ್ರೆ ಎಡಗೈಲಿ ಹೊಡೀತಾರೆ. ಅದು ಚೆನ್ನಾಗಿಯೇ ಕೆಲಸ ಮಾಡುತ್ತೆ.”

ಅವಳು ನಗು ತಡೆದುಕೊಂಡು ಮತ್ತೆ ನುಡಿಸಿದಳು. ಅವನು ಕಣ್ಣು ಮುಚ್ಚಿ, ತೋರುಬೆರಳೆತ್ತಿ, ಗಾಳಿಯಲ್ಲಿ ಸ್ವರದ ದಾರಿ ಹಿಡಿದು ಹೊರಟ. ಅವಳು ಕದ್ದು ನೋಡಿದಳು. ಕಾಗದ ಮುಟ್ಟಿ ಮುಟ್ಟಿ ಒಣಗಿದ ಬೆರಳು, ಉಗುರಿನ ಪಕ್ಕ ಒಂದು ಪೆನ್ಸಿಲ್ ಕಲೆ. ಹಾಡು ಹಿಂದಿರುಗಿತು, ಹಾರಿತು. ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟವನ ಹಾಗೆ ಅವನ ಬೆರಳು ಗಾಳಿಯಲ್ಲೇ ನಿಂತಿತು.

ಕಣ್ಣು ತೆರೆದರೆ ಅವಳು ಅವನನ್ನೇ ನೋಡುತ್ತಿದ್ದಳು. ಇಬ್ಬರೂ ಪರದೆಯ ಕಡೆ ತಿರುಗಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

“ನಾಳೆ ಬರ್ತೀನಿ,” ಎಂದ.

“ಬನ್ನಿ,” ಎಂದಳು, ಬೇಕಾದ್ದಕ್ಕಿಂತ ತುಸು ಬೇಗ.

ಮನೆಯಲ್ಲಿ ಅಕ್ಕ ಸುಮ್ಮನಿರಲಿಲ್ಲ. ಅಕ್ಕ ಅದೇ ತಂಡದಲ್ಲಿ ಹಾಡುವವಳು. ಕೆಲಸ ತಂಗಿಗೆ ಬಂದದ್ದೇ ಅವಳಿಂದ. “ಏನೇ ಕಡ್ಡಿ, ನಾಲ್ಕು ಪುಟದ ಹಾಡಿಗೆ ಒಂದು ವಾರವಾ?” ಎಂದು ಕೆಣಕಿದಳು. ಕಡ್ಡಿ ಮುರಿದ ಹಾಗೆ ಮಾತಾಡುವವಳೆಂದು ಚಿಕ್ಕಂದಿನಿಂದಲೂ ತಂಗಿಗೆ ಆ ಹೆಸರು. ನೆಂಟರ ಮುಖಕ್ಕೇ ‘ನಿಮ್ಮ ಮಗು ಚೆಂದ ಹಾಡಲ್ಲ’ ಎಂದು ಹೇಳಿ ಬೈಸಿಕೊಂಡವಳು, ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿ ದಕ್ಕಿಸಿಕೊಂಡವಳಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಗಂಟು ಬಿಚ್ಚಿತು.

ಇಷ್ಟು ದಿನ ಅವಳು ಹುಡುಕಿದ್ದು ಎರಡು ಚುಕ್ಕೆಯ ಪುನರಾವರ್ತನೆಯ ಗೆರೆಗಳಲ್ಲಿ, ಎರಡು ಕೊನೆಗಳ ಅಂಕಿಗಳಲ್ಲಿ, ಚಿಹ್ನೆಯಲ್ಲಿ. ಆ ದಿನ ಏನೂ ತೋಚದೆ ಪುಟದ ತುದಿಯ ‘ಚಿಹ್ನೆಗೆ ಹಿಂದಿರುಗಿ’ ಎಂಬ ಬರಹದ ಮೇಲೆಯೇ ಒತ್ತಿದಳು. ಪಕ್ಕದಲ್ಲಿ ಒಂದು ಪಟ್ಟಿ ತೆರೆಯಿತು. ಎಲ್ಲಕ್ಕಿಂತ ಕೆಳಗೆ ಖಾಲಿ ಚೌಕವೊಂದು: ಹಿಂದಿರುಗಿದ ಮೇಲೂ ಪುನರಾವರ್ತನೆ ನುಡಿಸಬೇಕೇ? ಇಷ್ಟು ದಿನವೂ ಯಂತ್ರ ಇದನ್ನೇ ಕೇಳುತ್ತ ಕೂತಿತ್ತು. ಅವಳು ಅತ್ತ ನೋಡಿರಲಿಲ್ಲ.

ಟಿಕ್ ಹಾಕಿದಳು. ನುಡಿಸಿದಳು.

ಒಂದು, ಎರಡು, ನಡುಭಾಗ. ನೀಲಿ ಗೆರೆ ಚಿಹ್ನೆಗೆ ಹಿಂದಿರುಗಿತು, ಮೊದಲ ಕೊನೆಯತ್ತ ಹೊರಳಿತು, ಮತ್ತೆ ಸಾಲಿನ ತಲೆಗೆ ಬಂತು. ಮೂರನೇ ಚರಣ ಏನೂ ಆಗಿಲ್ಲವೆಂಬಂತೆ ತನ್ನ ಜಾಗದಲ್ಲಿ ಬಂದು ನಿಂತಿತ್ತು. ಅವಳು ಬಾಯಿಗೆ ಕೈ ಅಡ್ಡಹಿಡಿದು ಒಬ್ಬಳೇ ನಕ್ಕಳು. ಮೂರು ಗಂಟೆಯವರೆಗೆ ಏಳು ಸಲ ಕೇಳಿದಳು.

ಮೂರಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎರಡು ಮೆಟ್ಟಿಲಿಗೊಂದು ಹೆಜ್ಜೆ. ಹೇಳಿಬಿಟ್ಟರೆ ಅವನು ಕುಣಿದಾನು, ಕೈಮುಗಿದಾನು, ಫೈಲು ತೆಗೆದುಕೊಂಡು ಇಳಿದುಹೋದಾನು. ನಾಳೆ ಮೂರಕ್ಕೆ ಝೆರಾಕ್ಸ್ ಸದ್ದೊಂದೇ ಉಳಿಯುತ್ತದೆ. ಅಷ್ಟು ಯೋಚಿಸುವಷ್ಟರಲ್ಲಿ ಅವಳ ಬೆರಳು ತಾನಾಗಿ ಹೋಗಿ ಆ ಟಿಕ್ಕನ್ನು ತೆಗೆದಿತ್ತು.

“ಆಯ್ತಾ?”

“ಇಲ್ಲ,” ಎಂದಳು ಕಡ್ಡಿ.

ಮಂಗಳವಾರವೂ ಇಲ್ಲವೆಂದಳು. ಅವನು ಆ ದಿನದ ಫೈಲನ್ನು ಮೊಬೈಲಿಗೆ ಹಾಕಿಸಿಕೊಂಡು, “ಪರವಾಗಿಲ್ಲ, ನೀವು ಹೆಣಗ್ತಾ ಇರೋದು ನೋಡಿದೀನಲ್ಲ,” ಎಂದು ಹೋದ. ಆ ಒಳ್ಳೆಯ ಮಾತು ಅವಳನ್ನು ರಾತ್ರಿಯೆಲ್ಲ ಚುಚ್ಚಿತು. ನಾಳೆ ಹೇಳಿಯೇ ಬಿಡಬೇಕೆಂದುಕೊಂಡಳು. ಬುಧವಾರ ಅವನು ಬರಲಿಲ್ಲ. ಮೂರಾಯಿತು, ನಾಲ್ಕಾಯಿತು. ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಳು.

ಗುರುವಾರ ಸಂಜೆ ಅಡುಗೆಮನೆಯಲ್ಲಿ, ಅಭ್ಯಾಸಕ್ಕೆ ಹೋಗಲು ತಡಮಾಡಿಕೊಂಡಿದ್ದ ಅಕ್ಕ ಬೀನ್ಸ್ ಹೆಚ್ಚುತ್ತ ಗುನುಗುತ್ತಿದ್ದಳು. ಒಂದು, ಎರಡು, ನಡುಭಾಗ. ಹಿಂದಿರುಗಿದಳು, ಹಾರಿ ಮುಕ್ತಾಯಕ್ಕೆ ಬಂದಳು.

ತಂಗಿ ತಟ್ಟೆ ಕೆಳಗಿಟ್ಟು ತಿರುಗಿದಳು. “ಅಕ್ಕಾ, ಇದನ್ನ ಯಾರು ಕೊಟ್ಟರು ನಿಂಗೆ?”

“ಮಂಗಳವಾರ ಸಾಯಂಕಾಲ ಮೇಷ್ಟ್ರೇ ಎಲ್ಲರಿಗೂ ಕಳಿಸಿದ್ರು. ಇನ್ನು ಕಾಯೋಕೆ ಟೈಮಿಲ್ಲ, ಮೂರನೇ ಚರಣ ಆಮೇಲೆ ಬಾಯಲ್ಲೇ ಹೇಳಿಕೊಡ್ತೀನಿ ಅಂದ್ರು. ಎಲ್ಲಿ ಹೇಳಿಕೊಡೋದು? ಎಲ್ಲರಿಗೂ ಹೀಗೇ ಬಾಯಿಪಾಠ ಆಗಿಹೋಗಿದೆ. ಅವರತ್ತೆ ಬೇರೆ, ಹರಕು ಹಾಡು ಕೇಳೋಕೆ ನಾನು ಬರಲ್ಲ ಅಂತ ಹಟ ಹಿಡಿದಿದಾರಂತೆ. ಯಾಕೇ, ಮುಖ ಯಾಕೆ ಹಾಗಾಯ್ತು?”

ಅವಳು ಚಪ್ಪಲಿ ಮೆಟ್ಟಿದ್ದು ಹೇಗೋ, ಲ್ಯಾಪ್‌ಟಾಪ್ ಎತ್ತಿಕೊಂಡದ್ದು ಹೇಗೋ. ಹಿಂದೆಯೇ ಅಕ್ಕ ಚಾಕು ಬಿಸಾಕಿ ಓಡಿಬಂದಳು.

ಅಭ್ಯಾಸದ ಹಾಲಿನಲ್ಲಿ ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರೂ ಹಾಡುತ್ತಿದ್ದರು. ಅಷ್ಟೂ ಬಾಯಿ ಒಂದೇ ಜಾಗದಲ್ಲಿ ಹಾರಿದವು. ತನ್ನ ಸುಳ್ಳು ಇಷ್ಟು ಶ್ರುತಿಬದ್ಧವಾಗಿ ಕೇಳಿಬಂದೀತೆಂದು ಅವಳು ಎಣಿಸಿರಲಿಲ್ಲ. ಮೇಷ್ಟ್ರು ಕೈಯೆತ್ತಿ ನಿಲ್ಲಿಸಿ, ಸೋತ ದನಿಯಲ್ಲಿ, “ಮತ್ತೊಂದು ಸಲ,” ಎಂದ.

“ಬೇಡ ಮೇಷ್ಟ್ರೇ,” ಎಂದಳು ಬಾಗಿಲಿನಿಂದ. “ತಪ್ಪು ನಂದು. ಅದು ಸೋಮವಾರವೇ ಸರಿಹೋಗಿತ್ತು. ಹಾಕಿದ ಟಿಕ್ಕು ತೆಗೆದು ನಿಮಗೆ ಸುಳ್ಳು ಹೇಳಿದೆ.”

“ಸೋಮವಾರ?”

“ಸೋಮವಾರ ಬೆಳಿಗ್ಗೆ. ಹನ್ನೊಂದಕ್ಕೆ.”

ಹಿಂದಿನ ಸಾಲಿನಲ್ಲಿ ಮಂದ್ರಸ್ವರ ಹಾಡುವ ಬಸ್ ಡ್ರೈವರ್ ತಡೆಯಲಾರದೆ ಕೇಳಿದ: “ಮತ್ಯಾಕಮ್ಮಾ ಇಟ್ಕೊಂಡು ಕೂತಿದ್ದೆ?”

ಅಕ್ಕ ಏದುಸಿರು ಬಿಡುತ್ತ ಮುಂದೆ ಬಂದಳು. “ಅಣ್ಣಾ, ನಿಮಗೆ ಮದುವೆಯಾಗಿ ಎಷ್ಟು ವರ್ಷ ಆಯ್ತು?”

“ಇಪ್ಪತ್ತೆರಡು.”

“ಅದಕ್ಕೇ ಮರೆತುಹೋಗಿದೆ.”

ಇಡೀ ಹಾಲು ಭೋರೆಂದು ನಕ್ಕಿತು. ನಗದವರು ಇಬ್ಬರೇ. ಅವಳು ನೆಲ ನೋಡುತ್ತಿದ್ದಳು. ಅವನು ಕೈಯಲ್ಲಿದ್ದ ಕಾಗದವನ್ನು ನೋಡುತ್ತಿದ್ದ; ಕಾಗದ ತಲೆಕೆಳಗಾಗಿತ್ತು, ಅವನ ಕಿವಿ ಕೆಂಪಾಗಿತ್ತು.

“ಲ್ಯಾಪ್‌ಟಾಪ್ ಹಚ್ಚಿ,” ಎಂದ ಕೊನೆಗೆ. “ಉಳಿದಿದ್ದು ಆಮೇಲೆ.”

ಕಿವಿಗೆ ಒಮ್ಮೆ ಕೂತದ್ದನ್ನು ಎಬ್ಬಿಸುವುದು ಸುಲಭವಲ್ಲ. ಗುರುವಾರ, ಶುಕ್ರವಾರ, ಶನಿವಾರ, ಮೂರು ಸಂಜೆಯೂ ಅವಳು ಪರದೆಯ ಪಕ್ಕ ಟ್ರಾಫಿಕ್ ಪೊಲೀಸರಂತೆ ಕೈಚಾಚಿ ನಿಂತು, ಹಾರಲು ಹೊರಟವರನ್ನು ಸಾಲಿನ ತಲೆಗೆ ಕಳಿಸಿದಳು. “ಅಮ್ಮಾ, ನಾನು ಬ್ರೇಕ್ ಹಾಕೋದ್ರೊಳಗೆ ಸ್ಟಾಪ್ ದಾಟಿಹೋಗುತ್ತೆ,” ಎಂದು ಡ್ರೈವರ್ ಗೋಳಾಡಿದ. ಮೇಷ್ಟ್ರು ಅವಳೊಡನೆ ಆಡಿದ್ದು ಕೆಲಸದ ಮಾತಷ್ಟೇ: ‘ಅಲ್ಲಿಂದ ನುಡಿಸಿ’, ‘ಇಲ್ಲಿ ನಿಲ್ಲಿಸಿ’. ಶನಿವಾರ ಮನೆಗೆ ಹೊರಟಾಗ ಅವಳಿಗೆ, ಹಾಡು ಸಿಕ್ಕಿತು, ಅವನು ಹೋದ, ಎನಿಸಿತು. ಹಾಗಾದರೂ ಸರಿ ಎಂದುಕೊಂಡಳು. ಅತ್ತೆ ಒಬ್ಬರು ಬಂದರೆ ಸಾಕಾಗಿತ್ತು.

ಭಾನುವಾರ ಅತ್ತೆ ಬಂದರು. ಗಾಲಿಕುರ್ಚಿಯಲ್ಲಿ, ಮುಂದಿನ ಸಾಲಿನ ನಡುವೆ, ಬೂದುಬಣ್ಣದ ಶಾಲು ಹೊದ್ದು.

ಅವಳು ಗೋಡೆಗೊರಗಿ ನಿಂತು ಹಾಡುವವರನ್ನು ನೋಡಲೇ ಇಲ್ಲ. ನೋಡಿದ್ದು ಕುರ್ಚಿಯ ಕೈಮೇಲಿದ್ದ ಆ ಎಡಗೈಯನ್ನು. ಒಂದು ಕಳೆಯಿತು, ಎರಡು ಕಳೆಯಿತು. ನಡುಭಾಗ ಮುಗಿದು ದನಿಗಳು ಹಿಂದಿರುಗಿದಾಗ ಆ ಬೆರಳುಗಳು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದವು. ಮೊದಲ ಕೊನೆ ಬಂತು. ಹಿಂದಿನ ಸಾಲಿನಲ್ಲಿ ಡ್ರೈವರ್ ಕಣ್ಣು ಬಿಗಿದು ಬ್ರೇಕ್ ಹಾಕಿದ. ನಲವತ್ತೂ ಜನ ಮತ್ತೆ ಸಾಲಿನ ತಲೆಗೆ ಬಂದರು, ಮೂರನೆಯದರ ಬೆನ್ನಿಗೇ ನಾಲ್ಕನೇ ಚರಣ ಮೆಲ್ಲಗೆ ಎದ್ದಿತು.

ಅತ್ತೆಯ ಹಿಡಿತ ಸಡಿಲಿತು. ಒಂದು ವರ್ಷ ಬಿಗಿಹಿಡಿದಿದ್ದ ಉಸಿರು ಆ ಶಾಲಿನೊಳಗಿಂದ ಹೊರಬಂದಂತಿತ್ತು. ಗೋಡೆಗೊರಗಿದವಳೂ ಆಗಲೇ ಉಸಿರು ಬಿಟ್ಟಳು.

ಹಾಡು ಮುಗಿದ ಮೇಲೆ ಅವನು ಅತ್ತೆಯ ಮುಂದೆ ಮಂಡಿಯೂರಿ ಕೂತ. ಅತ್ತೆ ಒಂದೊಂದೇ ಮಾತು ಹೆಕ್ಕಿದರು: “ಪೂರ್ತಿ... ಬಂತು... ಕಣೋ.”

ಪೇರಿಸಿಟ್ಟ ಕುರ್ಚಿಗಳ ಮರೆಯಲ್ಲಿ ಅವಳು ಲ್ಯಾಪ್‌ಟಾಪಿನ ವೈರು ಸುತ್ತುತ್ತಿದ್ದಾಗ ಅವನು ಬಂದು ನಿಂತ.

“ಆ ಟಿಕ್ಕು ಯಾಕೆ ತೆಗೆದಿರಿ?”

“ತಂಡಕ್ಕೆಲ್ಲ ಗೊತ್ತಲ್ಲ.”

“ಅವರಿಗೆ ಅಕ್ಕನ ಬಾಯಿಂದ ಗೊತ್ತಾಯ್ತು. ನನಗೆ ನಿಮ್ಮ ಬಾಯಿಂದ ಬೇಕು.”

ವೈರಿನ ಗಂಟು ಬಿಚ್ಚದೆ ಅವಳು ಹೇಳಿದಳು: “ಹಾಡು ಸರಿಹೋದರೆ ನೀವು ಮೆಟ್ಟಿಲು ಹತ್ತೋದು ನಿಂತುಹೋಗುತ್ತಲ್ಲ ಅಂತ. ಅಷ್ಟೇ. ಬೈಯೋದಿದ್ರೆ ಬೈದುಬಿಡಿ.”

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. “ಬುಧವಾರ ನಾನು ಯಾಕೆ ಬರಲಿಲ್ಲ ಗೊತ್ತಾ? ಹಿಂದಿನ ದಿನ ಅತ್ತೆ ಕೇಳಿದ್ರು. ಹಾಡು ಸರಿಮಾಡಿಸೋಕೆ ಹೋಗ್ತೀಯೋ, ಅವಳನ್ನ ನೋಡೋಕೆ ಹೋಗ್ತೀಯೋ ಅಂತ. ಉತ್ತರ ಹೇಳೋಕಾಗಲಿಲ್ಲ. ನಾಚಿಕೆಯಾಯ್ತು. ಮನೇಲೇ ಕೂತೆ.”

ಅವಳು ತಲೆಯೆತ್ತಿದಳು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮೂರು ದಿನವೂ ಇರಲಿಲ್ಲವೇನೋ. ವೈರು ಕೈಯಿಂದ ಜಾರಿತು. ಅದನ್ನೆತ್ತಲು ಬಗ್ಗಿದವನು ವೈರು ಬಿಟ್ಟು ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

“ಹಾಡು ಕೆಟ್ಟಿದ್ದಕ್ಕೆ ಅತ್ತೆಗೆ ಏನು ಹೇಳಿದೀರಿ?” ಎಂದಳು.

“ಕಂಪ್ಯೂಟರ್ ಕೈಕೊಟ್ಟಿತ್ತು, ಈಗ ಸರಿಯಾಯ್ತು ಅಂತ.”

“ಹಾಗೇ ಇರಲಿ. ನಾನು ಬೇಕಂತಲೇ ಮಾಡಿದ್ದು ಅಂತ ಗೊತ್ತಾದರೆ ನಾನು ಅವರಿಗೆ ಮುಖ ತೋರಿಸೋದು ಹೇಗೆ? ದಮ್ಮಯ್ಯ ಅಂತೀನಿ, ಅವರಿಗೊಬ್ಬರಿಗೆ ಹೇಳಬೇಡಿ.”

ಅವನು ಅವಳ ಕೈ ಹಿಡಿದೇ ಕುರ್ಚಿಗಳ ಮರೆಯಿಂದ ಹೊರಗೆ, ಮುಂದಿನ ಸಾಲಿನ ಕಡೆಗೆ ಹೆಜ್ಜೆ ಹಾಕಿದ.

“ಆಗಲ್ಲ,” ಎಂದ. “ಅವರು ಕೇಳಿದ್ದಕ್ಕೆ ಇದೇ ನನ್ನ ಉತ್ತರ. ಈಗಲೇ ಹೇಳ್ತೀನಿ.”